ಆಣೆಗೆ ಬಗ್ಗದ ಕುಡಿತ

ನಮ್ಮ ಹೊಟೇಲುಗಳಲ್ಲಿ ಕುಡಿಯುವ ನೌಕರನ ಮಾತು ಬಂದಾಗ ಯಜಮಾನರೆಲ್ಲರ ತೀರ್ಮಾನ ಸಾಮಾನ್ಯವಾಗಿ ಒಂದೇ: “ಲೆಕ್ಕ ಮುಗಿಸಿ ಊರಿಗೆ ಕಳುಹಿಸಿ.” ಪತ್ರಿಕೆಯ ಕೆಲಸಕ್ಕೆ ಕೈಯಿಕ್ಕುವ ಮುನ್ನ ಹಲವು ವರ್ಷ ಗಲ್ಲಾದ ಮುಂದೆ ಕುಳಿತಿದ್ದ ನಾವೂ ಹಾಗೆಯೇ ಹೇಳಿದವರು, ಹೇಳಿದಂತೆ ಮಾಡಿದವರು. ಅದರಿಂದ ಒಬ್ಬ ಮನುಷ್ಯನು ಸಾವಿನ ಬಾಗಿಲಿನವರೆಗೆ ಹೋಗಿಬಂದ ಸಂಗತಿಯನ್ನು ವಾಚಕ ಬಂಧುಗಳ ಮುಂದಿಡಬೇಕೆಂದು ಬಹುದಿನಗಳಿಂದ ನಮ್ಮ ಮನಸ್ಸಿನಲ್ಲಿತ್ತು.

2011ರ ಮಾತು. ದೋಸೆಯ ಕಾವಲಿಯ ಮುಂದೆ ನಿಲ್ಲುತ್ತಿದ್ದ ನಮ್ಮ ಭಟ್ಟರು ಕುಂದಾಪುರದ ಕಡೆಯವರು. (ಅಡಿಗೆಯವರು ಯಾವ ಜಾತಿಯವರಾದರೂ ಹೊಟೇಲಿನಲ್ಲಿ ಭಟ್ಟರೇ ಆಗುತ್ತಾರೆ, ಇವರೂ ಹಾಗೆಯೇ.) ಕೈ ಬಹಳ ಒಳ್ಳೆಯದು. ಆದರೆ ರಾತ್ರಿಯ ಕುಡಿತ ಬರಬರುತ್ತ ಬೆಳಗಿನದೂ ಆಯಿತು. ನಸುಕಿನಲ್ಲಿ ಎದ್ದಾಗ ಕೈ ನಡುಗುತ್ತಿತ್ತು. ಒಂದು ಗುಟುಕು ಒಳಗೆ ಹೋದೊಡನೆ ನಡುಕ ನಿಲ್ಲುತ್ತಿತ್ತು. ಆ ನಡುಕವೇ ರೋಗದ ಲಕ್ಷಣವೆಂದು ನಮಗೆ ತಿಳಿದಿರಲಿಲ್ಲ. ಸೊಕ್ಕೆಂದು ಭಾವಿಸಿದೆವು. ಗಲ್ಲಾದ ಮೇಲಿದ್ದ ಮಂಜುನಾಥ ಸ್ವಾಮಿಯ ಪಟದ ಮುಂದೆ ನಿಲ್ಲಿಸಿ ಆಣೆ ಹಾಕಿಸಿದೆವು. ಅವರು ಕಣ್ಣೀರಿಟ್ಟು ಆಣೆಯಿಟ್ಟರು. ನಾಲ್ಕನೆಯ ದಿನ ಮತ್ತೆ ಬಾಯಲ್ಲಿ ವಾಸನೆ. ಸಿಟ್ಟಿಗೆದ್ದ ನಾವು ಅವರನ್ನು ಒಂದು ಹಗಲು, ಒಂದು ರಾತ್ರಿ ನೌಕರರ ಖೋಲಿಯಲ್ಲಿ ಕೂಡಿ ಬೀಗ ಹಾಕಿಸಿ, ಮರುದಿನ ಮಧ್ಯಾಹ್ನ ತಮ್ಮನ ಜೊತೆ ಮಾಡಿ ಊರಿನ ರೈಲು ಹತ್ತಿಸಿದೆವು. ಒಳ್ಳೆಯ ಕೆಲಸ ಮಾಡಿದೆವೆಂಬ ಸಮಾಧಾನವೂ ಆ ರಾತ್ರಿ ನಮಗಿತ್ತು.

ರತ್ನಾಗಿರಿ ದಾಟುವ ಮೊದಲೇ ಭಟ್ಟರಿಗೆ ಅಪಸ್ಮಾರದಂತೆ ಸೆಳವು ಬಂದಿತು. ಸಹಪ್ರಯಾಣಿಕರು ಅವರ ಕೈಗೆ ಬೀಗದ ಕೈ ತುರುಕಿದರಂತೆ, ಮೂಗಿಗೆ ಈರುಳ್ಳಿ ಹಿಡಿದರಂತೆ. ದಾರಿಯ ಊರೊಂದರಲ್ಲಿ ಇಳಿಸಿ ಆಸ್ಪತ್ರೆಗೆ ಸೇರಿಸಿದರು. ಮರುದಿನ ತಮ್ಮನು ಫೋನಿನಲ್ಲಿ ಅಳುತ್ತ ಹೇಳಿದ ಮಾತು ಇನ್ನೂ ನಮ್ಮ ಕಿವಿಯಲ್ಲಿದೆ: “ಧಣಿಗಳೇ, ಅಣ್ಣ ನನ್ನ ಗುರುತು ಹಿಡಿಯುವುದಿಲ್ಲ. ಹಾಸಿಗೆಯ ಮೇಲೆ ದೋಸೆ ಹೊಯ್ಯುತ್ತಿದ್ದಾನೆ. ಎರಡು ಮಸಾಲೆ, ಒಂದು ಸಾದಾ ಎಂದು ಕೂಗುತ್ತಿದ್ದಾನೆ.”

ನಾವು ಓಡಿಹೋದಾಗ ಅಲ್ಲಿನ ಡಾಕ್ಟರರು ನಮ್ಮನ್ನು ಕೂರಿಸಿ ಬುದ್ಧಿ ಹೇಳಿದರು. ಇವರನ್ನು ಇಲ್ಲಿಗೆ ತಂದದ್ದು ಕುಡಿತಕ್ಕಿಂತ ಹೆಚ್ಚಾಗಿ ಕುಡಿತವನ್ನು ನಿಲ್ಲಿಸಿದ ರೀತಿ ಎಂದರು. ಆ ಸನ್ನಿಯಲ್ಲಿ ರೋಗಿಯು ತನ್ನ ನಿತ್ಯದ ಕಸುಬನ್ನೇ ಮಾಡುತ್ತಿರುವಂತೆ ಕೈಯಾಡಿಸುವುದು ವೈದ್ಯರಿಗೆ ಹಳೆಯ ಪರಿಚಯದ ಲಕ್ಷಣವಂತೆ.

ಅಂದು ಅವರು ಹೇಳಿದ್ದನ್ನು, ಆಮೇಲೆ ನಾವು ಓದಿ ಕೇಳಿ ತಿಳಿದದ್ದನ್ನು ಹೊಟೇಲಿನ ಭಾಷೆಯಲ್ಲಿ ಹೇಳುವುದಾದರೆ ಹೀಗೆ: ಒಲೆಯ ಮೇಲಿನ ಹಾಲಿಗೆ ಯಾರೋ ಸದಾ ತಣ್ಣೀರು ಸುರಿಯುತ್ತಿದ್ದರೆ, ಕಾವು ಆರದಿರಲೆಂದು ನಾವು ಉರಿಯನ್ನು ಏರಿಸುತ್ತಲೇ ಹೋಗುತ್ತೇವೆ. ಒಂದು ದಿನ ನೀರು ಥಟ್ಟನೆ ನಿಂತಿತೆನ್ನಿ. ಉರಿ ಮಾತ್ರ ಹಾಗೆಯೇ ಇರುತ್ತದೆ, ಹಾಲು ಉಕ್ಕುತ್ತದೆ. ಮದ್ಯವು ಮೆದುಳನ್ನು ತಣ್ಣಗಾಗಿಸುವ ವಸ್ತು. ವರ್ಷಗಟ್ಟಲೆ ಅದು ಬೀಳುತ್ತಿದ್ದರೆ ಮೆದುಳು ತನ್ನ ಉರಿಯನ್ನು ಏರಿಸಿಕೊಂಡಿರುತ್ತದೆ. ಕುಡಿತ ನಿಂತ ಆರು ಗಂಟೆಗಳಿಂದ ಒಂದು ದಿನದೊಳಗೆ ನಡುಕ, ಬೆವರು, ವಾಂತಿ, ನಿದ್ರಾಭಂಗ; ಎರಡು ದಿನಗಳೊಳಗೆ ಕೆಲವರಿಗೆ ಸೆಳವು; ಎರಡನೆಯ, ಮೂರನೆಯ ದಿನದ ಸುಮಾರಿಗೆ ಕೆಲವರಿಗೆ ಸನ್ನಿ. ಎಲ್ಲರಿಗೂ ಹೀಗಾಗದು, ಆದರೆ ಆದವರಿಗೆ ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೆ ಸಂಚಕಾರ. ಹಿಂದೆ ಒಮ್ಮೆ ಸೆಳವು ಬಂದವರೂ, ಬೆಳಗ್ಗೆ ಎದ್ದೊಡನೆ ಕುಡಿಯದೆ ಕೈ ನಿಲ್ಲದವರೂ ತಾವಾಗಿಯೇ ಥಟ್ಟನೆ ಬಿಡಲು ಹೋಗಬಾರದು. ಅವರು ಬಿಡಬೇಕಾದದ್ದು ವೈದ್ಯರ ಕಣ್ಣೆದುರಿನಲ್ಲಿ.

ಆಸ್ಪತ್ರೆಯಲ್ಲಿ ಮಾಡುವುದೇನು? ಡಯಾಜೆಪಾಮ್ ಜಾತಿಯ ಔಷಧಗಳನ್ನು ಕೊಟ್ಟು, ಕೆಲವು ದಿನಗಳಲ್ಲಿ ಹಂತಹಂತವಾಗಿ ಇಳಿಸಿ ಆ ಉರಿಯನ್ನು ತಗ್ಗಿಸುತ್ತಾರೆ. ಜೊತೆಗೆ ಬಿ-1 ಜೀವಸತ್ವವನ್ನು ಕೊಡುತ್ತಾರೆ. ಇದು ಅಲ್ಪ ವಿಷಯವಲ್ಲ. ಬಹುಕಾಲ ಕುಡಿದವರ ಮೈಯಲ್ಲಿ ಈ ಸತ್ವ ಬತ್ತಿರುತ್ತದೆ. “ಸುಸ್ತಾಗಿದ್ದಾರೆ, ಒಂದು ಗ್ಲೂಕೋಸ್ ಬಾಟಲಿ ಏರಿಸಿ” ಎಂದು ಮೂಲೆಯ ದವಾಖಾನೆಗೆ ಒಯ್ಯುವುದು ನಮ್ಮವರ ರೂಢಿ. ಬಿ-1 ಇಲ್ಲದೆ ಬರಿಯ ಗ್ಲೂಕೋಸ್ ಹೋದರೆ ಮೆದುಳಿಗೇ ಪೆಟ್ಟು ಬೀಳಬಹುದು. ಆದುದರಿಂದ ಕುಡಿತದ ಸಂಗತಿಯನ್ನು ಡಾಕ್ಟರರಿಂದ ಮುಚ್ಚಿಡಬಾರದು. ಈ ಮಾತ್ರೆಗಳನ್ನು ತಾವೇ ಅಂಗಡಿಯಿಂದ ತಂದು ನುಂಗುವುದೂ ಸಲ್ಲದು. ಅವುಗಳದೇ ಇನ್ನೊಂದು ಚಟವಾಗುತ್ತದೆ.

“ಅವರಿಗೆ ತಿಳಿಯದಂತೆ ಕುಡಿತ ಬಿಡಿಸಿ” ಎಂಬ ಪುಡಿಯ ಜಾಹೀರಾತುಗಳನ್ನು ಲೋಕಲ್ ಗಾಡಿಗಳಲ್ಲಿ ನೋಡದವರು ಯಾರು? ಆ ಪುಡಿಯೊಳಗೇನಿದೆಯೆಂದು ಕೊಳ್ಳುವವನಿಗೆ ತಿಳಿಯದು. ಕುಡಿತವನ್ನು ಹೇಸುವಂತೆ ಮಾಡುವ ನಿಜವಾದ ಔಷಧವೊಂದಿದೆ. ಡೈಸಲ್ಫಿರಾಮ್ ಎಂದು ಅದರ ಹೆಸರು. 1948ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಅದರ ಈ ಗುಣವನ್ನು ಪ್ರಕಟಿಸಿದರು. ಅದನ್ನು ತೆಗೆದುಕೊಂಡಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿದುಕೊಂಡು, ರಕ್ತದ ಒತ್ತಡ ಕುಸಿಯುವುದುಂಟು. ಅದನ್ನು ಸಾಂಬಾರಿನಲ್ಲಿ ಕದ್ದು ಬೆರೆಸಿದರೆ ಗಂಡಾಂತರ ತಪ್ಪಿದ್ದಲ್ಲ. ರೋಗಿಯು ತಾನೇ ಒಪ್ಪಿ, ಅರಿತು ನುಂಗಿದಾಗ ಮಾತ್ರ ಅದು ಔಷಧ. ಇದಲ್ಲದೆ ಕುಡಿಯಬೇಕೆಂಬ ತವಕವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಔಷಧಗಳೂ ಇವೆ. ಯಾರಿಗೆ ಯಾವುದೆಂಬುದನ್ನು ಪಿತ್ತಜನಕಾಂಗ, ಮೂತ್ರಪಿಂಡಗಳನ್ನು ಪರೀಕ್ಷಿಸಿ ವೈದ್ಯರೇ ನಿರ್ಧರಿಸಬೇಕು.

ಇಷ್ಟಾದರೂ ಅರ್ಧ ಕೆಲಸವೇ. ಭಟ್ಟರಿಗೆ ತಿಳಿವು ಮರಳಿದ ಮೇಲೆ ಮಾನಸಿಕ ವೈದ್ಯರು ಕೇಳಿದ ಮೊದಲನೆಯ ಪ್ರಶ್ನೆ, “ನಿದ್ದೆ ಕೆಟ್ಟದ್ದು ಯಾವಾಗಿನಿಂದ?” ಎಂದು. ಆರು ವರ್ಷ ನಮ್ಮ ಜೊತೆಯಿದ್ದವರಿಗೆ ನಾವು ಈ ಪ್ರಶ್ನೆಯನ್ನು ಕೇಳಿರಲಿಲ್ಲ. ಮೂರು ವರ್ಷಗಳ ಹಿಂದೆ ಮಳೆಗಾಲದಲ್ಲಿ ಅವರ ಮಗಳು ತೋಡಿನ ನೀರಿಗೆ ಸಿಕ್ಕಿ ಹೋಗಿದ್ದಳು. ಆಗ ಅವರು ಊರಿಗೆ ಹೋಗಿಬಂದದ್ದು ನಮಗೆ ನೆನಪಿತ್ತು. ರಜೆ ಕೊಟ್ಟವರು ನಾವೇ: ಎಂಟು ದಿನ. ಒಂಬತ್ತನೆಯ ದಿನ ಕಾವಲಿಯ ಮುಂದೆ ನಿಂತಿದ್ದರೆಂದು ಅವರನ್ನು ಹೊಗಳಿದ್ದೆವು ಕೂಡ.

ದುಃಖ, ಖಿನ್ನತೆ, ಭಯ ಇವು ಕುಡಿತದ ಹಿಂದೆಯೂ ಇರುತ್ತವೆ, ಮುಂದೆಯೂ ಇರುತ್ತವೆ. ಮನಸ್ಸಿನ ನೋವಿಗೆಂದು ಕುಡಿದವನಿಗೆ ಕುಡಿತವೇ ಖಿನ್ನತೆಯನ್ನು ಹೆಚ್ಚಿಸುತ್ತದೆ. ಆಫೀಸಿನ ನಮ್ಮ ಗುಮಾಸ್ತ ಬಂಧುಗಳಲ್ಲಿ ಇದು ಇನ್ನಷ್ಟು ಗುಟ್ಟಾಗಿ ನಡೆಯುತ್ತದೆ. ಇಸ್ತ್ರಿಯ ಅಂಗಿಯೊಳಗೆ ಏನೂ ಕಾಣದು. ಪಗಾರದ ಮರುದಿನ ಖಾಡಾ, ಮನೆಯಲ್ಲಿ ಮೌನ, “ನಾನಿಲ್ಲದಿದ್ದರೇ ವಾಸಿ” ಎಂಬ ಮಾತು. ಈ ಕೊನೆಯ ಮಾತನ್ನು ಕುಡಿದವರ ಪ್ರಲಾಪವೆಂದು ತಳ್ಳಿಹಾಕದೆ, ಒಬ್ಬಂಟಿಯಾಗಿ ಬಿಡದೆ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಎರಡೂ ಕಾಯಿಲೆಗಳಿಗೆ ಜೊತೆಜೊತೆಯಾಗಿ ಚಿಕಿತ್ಸೆಯಾಗಬೇಕೆಂಬುದೇ ಇಂದಿನ ವೈದ್ಯಮತ.

ಅಮೆರಿಕದ ವೈದ್ಯಕೀಯ ಸಂಘವು ಮದ್ಯವ್ಯಸನವನ್ನು ರೋಗವೆಂದು ಸಾರಿದ್ದು 1956ರಲ್ಲಿ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಮದ್ಯ ಮತ್ತು ಮಾದಕವಸ್ತುಗಳಿಂದಾಗುವ ಮನೋವಿಕಾರಗಳನ್ನು ಕಾಯಿಲೆಗಳ ಸಾಲಿಗೆ ಸೇರಿಸಿದೆ, ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ. ಆದರೂ 2019ರಲ್ಲಿ ಕೇಂದ್ರ ಸರಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ಒಪ್ಪಿಸಿದ ವರದಿಯಂತೆ, ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿತ್ತು.

ಚಿಕಿತ್ಸೆಯ ಸ್ಥಳಗಳಿಲ್ಲವೆಂದಲ್ಲ. ಪತಿಯನ್ನು ಕುಡಿತದಿಂದ ಕಳೆದುಕೊಂಡ ಶ್ರೀಮತಿ ಶಾಂತಿ ರಂಗನಾಥನ್ ಅವರು 1980ರಲ್ಲಿ ಸ್ಥಾಪಿಸಿದ ಸಂಸ್ಥೆ ಮದರಾಸಿನಲ್ಲಿದೆ. ಡಾ. ಅನಿತಾ ಅವಚಟ್ ಮತ್ತು ಲೇಖಕ ಅನಿಲ್ ಅವಚಟ್ ದಂಪತಿಗಳು, ಪು. ಲ. ದೇಶಪಾಂಡೆಯವರ ನೆರವಿನಿಂದ 1986ರಲ್ಲಿ ಆರಂಭಿಸಿದ ಮುಕ್ತಾಂಗಣ ಪುಣೆಯಲ್ಲಿದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಮುಂಬಯಿಯ ಕೆ.ಇ.ಎಂ., ನಾಯರ್ ಮುಂತಾದ ಪಾಲಿಕೆಯ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗಗಳಿವೆ. 14416 ಎಂಬ ಸರಕಾರದ ಟೆಲಿ-ಮಾನಸ್ ದೂರವಾಣಿಯಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು. 14446 ವ್ಯಸನಮುಕ್ತಿಗೆಂದೇ ಇರುವ ಸಂಖ್ಯೆ. ಎರಡಕ್ಕೂ ಶುಲ್ಕವಿಲ್ಲ. ಖಾಸಗಿ ಕೇಂದ್ರಕ್ಕೆ ಸೇರಿಸುವವರು, ಅಲ್ಲಿ ವೈದ್ಯರಿದ್ದಾರೆಯೇ, ನೋಂದಣಿಯಾಗಿದೆಯೇ, ಮನೆಯವರು ರೋಗಿಯನ್ನು ನೋಡಬಹುದೇ ಎಂದು ಮೊದಲು ಕೇಳಬೇಕು. ಹೊಡೆದು ಬಿಡಿಸುವವರೂ ಇದ್ದಾರೆ.

ಯಜಮಾನ ಮಿತ್ರರಿಗೆ ಎರಡು ಮಾತು. ನಮ್ಮಲ್ಲಿ ಅನೇಕರ ಅನ್ನ ಪರ್ಮಿಟ್ ರೂಮಿನಿಂದಲೇ ಬರುತ್ತದೆಂಬುದನ್ನು ಬಲ್ಲೆವು. ಆ ಚರ್ಚೆ ಇಲ್ಲಿ ಬೇಡ. ಚಿಕಿತ್ಸೆ ಪಡೆದು ಮರಳಿದವನನ್ನು ಆ ರೂಮಿನ ಕೆಲಸಕ್ಕೆ ಹಾಕಬೇಡಿ. ಅವನು ಆಸ್ಪತ್ರೆಯಲ್ಲಿರುವ ಮೂರು ನಾಲ್ಕು ವಾರ ಅವನ ಜಾಗವನ್ನು ಕಾದಿರಿಸಿ.

ಭಟ್ಟರು ಎಂಟು ತಿಂಗಳ ಮೇಲೆ ಒಮ್ಮೆ ಮತ್ತೆ ಕುಡಿದರು. ಇದು ಈ ರೋಗದಲ್ಲಿ ಅಪರೂಪವಲ್ಲವೆಂದು ಡಾಕ್ಟರರು ಮೊದಲೇ ತಿಳಿಸಿದ್ದರು. ಆ ಸಲ ಅವರೇ ನಸುಕಿನಲ್ಲಿ ನಮಗೆ ಫೋನು ಮಾಡಿ, “ಕೈ ನಡುಗುತ್ತಿದೆ, ಧಣಿಗಳೇ” ಎಂದರು. ನಾವು ಆಣೆಯ ಮಾತೆತ್ತಲಿಲ್ಲ. ಟ್ಯಾಕ್ಸಿ ತೆಗೆದುಕೊಂಡು ಖೋಲಿಗೆ ಹೋದೆವು, ಅಲ್ಲಿಂದ ನೇರವಾಗಿ ಆಸ್ಪತ್ರೆಗೆ. ಆ ವಾರವೆಲ್ಲ ನಮ್ಮ ಹೊಟೇಲಿನಲ್ಲಿ ದೋಸೆಯಿರಲಿಲ್ಲ.