ಕೋಲಾರದ ಬಂಡೆ, ಕಂಪ್ಯೂಟರಿನ ಲೆಕ್ಕ

2022ರ ಡಿಸೆಂಬರ್ 5ರಂದು ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಹೈಡ್ರೋಜನ್ ಗುಳಿಗೆಯೊಂದಕ್ಕೆ 2.05 ಮೆಗಾಜೂಲ್ ಲೇಸರ್ ಶಕ್ತಿ ಕೊಟ್ಟಾಗ 3.15 ಮೆಗಾಜೂಲ್ ಹೊರಬಂತು. ಆ ಲೇಸರ್ ಯಂತ್ರ 2009ರಲ್ಲೇ ಸಿದ್ಧವಾಗಿತ್ತು. ಕಂಪ್ಯೂಟರ್ ಮಾದರಿಗಳನ್ನು ನಂಬಿ, 2012ರೊಳಗೆ ಸಮ್ಮಿಳನದ ಕಿಡಿ ಹೊತ್ತೀತೆಂದು ಕಾಯಲಾಗಿತ್ತು. ಹೊತ್ತಲಿಲ್ಲ. ಗುಳಿಗೆ ಎಲ್ಲ ಕಡೆಯಿಂದ ಸಮನಾಗಿ ಕುಸಿಯುತ್ತಿರಲಿಲ್ಲ, ಅದರ ಕವಚದ ವಸ್ತು ಇಂಧನದೊಳಗೆ ಬೆರೆಯುತ್ತಿತ್ತು. ಕಾದ ಇಂಧನವಾದ ಪ್ಲಾಸ್ಮಾದ ಎಲ್ಲ ಕಣಗಳನ್ನೂ ಲೆಕ್ಕಕ್ಕೆ ಹಿಡಿಯುವುದು ಯಾವ ಕಂಪ್ಯೂಟರಿಗೂ ಆಗದು. ಲೆಕ್ಕ ಬಿಟ್ಟದ್ದೇನು ಎಂದು ತೋರಿಸುವುದು ಅಳತೆ. ಲೆಕ್ಕ ಮತ್ತು ಅಳತೆಗಳ ಈ ಜಗಳಗಂಟಿ ಸಂಸಾರ ನಮ್ಮ ಕೋಲಾರ ಜಿಲ್ಲೆಯ ಚಿನ್ನದ ಗಣಿಯಲ್ಲಿ ಎಪ್ಪತ್ತು ವರ್ಷಗಳ ಹಿಂದೆಯೇ ಶುರುವಾಗಿತ್ತು.

1951ರಲ್ಲಿ ಹೋಮಿ ಭಾಭಾ ಅವರ ಸೂಚನೆಯಂತೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್ ಈ ಗಣಿಯ, ಅಂದರೆ ಕೆಜಿಎಫ್‌ನ, ಆಳದಲ್ಲಿ ಮ್ಯೂಆನ್‌ಗಳನ್ನು ಎಣಿಸಲು ಹೊರಟರು. ವಿಶ್ವಕಿರಣಗಳಿಂದ ವಾತಾವರಣದಲ್ಲಿ ಹುಟ್ಟುವ ಈ ಕಣಗಳು ಬಂಡೆಯನ್ನು ಹಾಯುತ್ತ ಶಕ್ತಿ ಕಳೆದುಕೊಳ್ಳುತ್ತವೆ. ಎಷ್ಟು ಆಳಕ್ಕೆ ಎಷ್ಟು ಉಳಿದಾವು ಎಂಬುದನ್ನು ಲೆಕ್ಕ ಹಾಕಬಹುದು. ಆದರೆ ಲೆಕ್ಕಿಗರು ಬಳಸುವ ‘ಪ್ರಮಾಣ ಬಂಡೆ’ಯ ಸಾಂದ್ರತೆ ಘನ ಸೆಂಟಿಮೀಟರಿಗೆ 2.65 ಗ್ರಾಂ, ಕೋಲಾರದ ಶಿಲೆಯದು ಸುಮಾರು 3.02. ಇಲ್ಲಿನ ಒಂದು ಮೀಟರ್ ಬೇರೆಡೆಯ ಒಂದು ಮೀಟರಿಗೆ ಸಮವಲ್ಲ. ಹಾಗಾಗಿ ‘ಕೋಲಾರ ಬಂಡೆ’ ಭೌತವಿಜ್ಞಾನದ ಪ್ರಬಂಧಗಳಲ್ಲಿ ತನ್ನದೇ ಹೆಸರಿನಿಂದ ಸೇರಿತು. ಮಾದರಿ ಎಷ್ಟೇ ಸೊಗಸಾಗಿರಲಿ, ಸ್ಥಳದ ಕಲ್ಲನ್ನು ತೂಗದೆ ಅದು ನಡೆಯದು.

1960ರ ದಶಕದ ಆರಂಭದಲ್ಲಿ 2,760 ಮೀಟರ್ ಆಳದಲ್ಲಿ ಎರಡು ತಿಂಗಳು ಕಾದರೂ ಒಂದೂ ಮ್ಯೂಆನ್ ಸಿಗಲಿಲ್ಲ. ಬರಿಗೈಯೆಂದು ಕಾಣುವ ಈ ಫಲವೇ ದಾರಿ ತೆರೆಯಿತು. ಮೇಲಿನಿಂದ ಬರುವ ಮ್ಯೂಆನ್‌ಗಳು ಅಷ್ಟು ವಿರಳವಾದರೆ, ಅಡ್ಡಲಾಗಿ ಬರುವ ಮ್ಯೂಆನ್ ಬಂಡೆಯೊಳಗೇ, ಎಂಥ ಬಂಡೆಯನ್ನೂ ಸುಲಭವಾಗಿ ಹಾಯುವ ನ್ಯೂಟ್ರಿನೋ ಎಂಬ ಕಣದಿಂದ ಹುಟ್ಟಿದ್ದೆಂದು ಧೈರ್ಯವಾಗಿ ಹೇಳಬಹುದು. ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ತಂಡ 2.3 ಕಿಲೋಮೀಟರ್ ಆಳದಲ್ಲಿ ಅಂಥ ಮ್ಯೂಆನ್‌ಗಳನ್ನು ಹಿಡಿಯಿತು. ಫಲಿತಾಂಶ 1965ರ ಆಗಸ್ಟ್ 15ರಂದು ಅಚ್ಚಾಯಿತು. ದಕ್ಷಿಣ ಆಫ್ರಿಕಾದ ಗಣಿಯಲ್ಲಿ ದುಡಿದ ಭೌತವಿಜ್ಞಾನಿ ಫ್ರೆಡರಿಕ್ ರೈನ್ಸ್ ಅವರ ತಂಡದ್ದು ಎರಡು ವಾರದ ಬಳಿಕ.

ಹಾಗಾದರೆ ಅಳತೆಯೇ ಕೊನೆಯ ಮಾತೇ? ಅದೂ ಅಲ್ಲ. 1980ರಲ್ಲಿ ಇದೇ ಗಣಿಯಲ್ಲಿ 140 ಟನ್ ಕಬ್ಬಿಣದ ಉಪಕರಣ ಪ್ರೋಟಾನ್ ಸಾಯುವುದನ್ನು ಕಾಯತೊಡಗಿತು. ಕೆಲವು ಘಟನೆಗಳು ಹಾಗೆ ಕಂಡವು. ಆದರೆ ಒಳಗೆ ಡಿಕ್ಕಿ ಹೊಡೆಯುವ ನ್ಯೂಟ್ರಿನೋ ಕೂಡ ಅಂಥದೇ ವೇಷ ಹಾಕಬಲ್ಲದು. ಎಷ್ಟು ಸಲ ಎಂದು ಹೇಳಬೇಕಾದುದು ಲೆಕ್ಕವೇ. ಅಮೆರಿಕ, ಜಪಾನ್‌ಗಳ ಇನ್ನೂ ದೊಡ್ಡ ಉಪಕರಣಗಳಿಗೆ ಪ್ರೋಟಾನಿನ ಸಾವು ಇಂದಿಗೂ ಸಿಕ್ಕಿಲ್ಲ.

ಇನ್ನು ಕಂಪ್ಯೂಟರ್ ಇಷ್ಟು ಬಲಿತ ಮೇಲೆ ಕೋಟಿಗಟ್ಟಲೆ ಸುರಿದು ಸುರಂಗ ತೋಡುವುದೇಕೆ ಎಂಬ ಆಕ್ಷೇಪ. ಖರ್ಚಿನ ಮಾತು ನಿಜ, ಮಾದರಿ ಅಗ್ಗ. 1998ರಲ್ಲಿ ಜಪಾನಿನ ಸೂಪರ್ ಕಾಮಿಯೋಕಾಂಡೆ ಉಪಕರಣ ಕಂಡದ್ದನ್ನು ಮಾತ್ರ ಅಗ್ಗದ ದಾರಿಯಲ್ಲಿ ಕಾಣಲಾಗುತ್ತಿರಲಿಲ್ಲ: ಭೂಮಿಯನ್ನು ಹಾದು ಕೆಳಗಿನಿಂದ ಬಂದ ಮ್ಯೂಆನ್ ನ್ಯೂಟ್ರಿನೋಗಳು ಲೆಕ್ಕದ ಅರ್ಧದಷ್ಟೇ ಇದ್ದವು. ಆ ಕೊರತೆಯಿಂದಲೇ ನ್ಯೂಟ್ರಿನೋಗೆ ದ್ರವ್ಯರಾಶಿಯಿದೆ ಎಂದು ತಿಳಿಯಿತು. ಲೆಕ್ಕವಿಲ್ಲದಿದ್ದರೆ ಕೊರತೆ ಕಾಣುತ್ತಿರಲಿಲ್ಲ, ಅಳತೆಯಿಲ್ಲದಿದ್ದರೆ ಲೆಕ್ಕ ಸರಿಯೆಂದೇ ಉಳಿಯುತ್ತಿತ್ತು.

ಕೆಜಿಎಫ್ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ತಮಿಳುನಾಡಿನ ಥೇಣಿಯ ನ್ಯೂಟ್ರಿನೋ ವೀಕ್ಷಣಾಲಯಕ್ಕೆ 2015ರಲ್ಲಿ ಅನುಮೋದನೆ ದೊರೆತರೂ ಸುರಂಗ ಆಗಿಲ್ಲ. ಅದರ ಉಪಕರಣ ಹೇಗೆ ನಡೆದೀತೆಂಬ ಕಂಪ್ಯೂಟರ್ ಅಧ್ಯಯನಗಳು ಮಾತ್ರ ಬೆಳೆದಿವೆ. ಅವು ವ್ಯರ್ಥವಲ್ಲ. ಆದರೆ ತಪ್ಪೆಂದು ತೋರಿಸಬಲ್ಲ ಆಳವನ್ನು ಕೊಡದೆ ಮಾದರಿಯನ್ನಷ್ಟೇ ಬೆಳೆಸುವ ದೇಶ ಅರ್ಧ ವಿಜ್ಞಾನವನ್ನಷ್ಟೇ ಮಾಡುತ್ತಿರುತ್ತದೆ.