ಆಡಿದ ದಿನದ ಕೂಲಿ ಯಾರು ಕೊಡ್ತಾರೆ?

ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಬೂಟು, ಜೆರ್ಸಿ ಬ್ಯಾಗಿಗೆ ತುರುಕಿಕೊಂಡು ಯಲಹಂಕದ ನಮ್ಮ ಮನೆಯಿಂದ ಹೊರಟರೆ ಅಪ್ಪ ಕೇಳುವುದು ಒಂದೇ ಪ್ರಶ್ನೆ. ‘ಆಡಿದ್ದಕ್ಕೆ ಎಷ್ಟು ಕೊಡ್ತಾರೋ?’

‘ಏನೂ ಕೊಡಲ್ಲ ಅಪ್ಪಾ.’

ನಾನು ಬಿ.ಕಾಂ ಕೊನೆಯ ವರ್ಷದ ವಿದ್ಯಾರ್ಥಿ. ಕಾಲೇಜಿಗೆ ಸೇರಿದ ವರ್ಷ ಸೀನಿಯರ್ ಒಬ್ಬರು ಮೈದಾನಕ್ಕೆ ಕರೆದುಕೊಂಡು ಹೋಗಿ ಮೊಟ್ಟೆಯಾಕಾರದ ಚೆಂಡು ಕೈಗಿಟ್ಟರು. ಅಂದಿನಿಂದ ರಗ್ಬಿ ಹುಚ್ಚು. ಸಂಜೆ ಹೆಬ್ಬಾಳ, ಆರ್.ಟಿ. ನಗರದ ಕಡೆ ಫುಡ್ ಡೆಲಿವರಿ ಮಾಡುತ್ತೇನೆ. ಭಾನುವಾರವೇ ಹೆಚ್ಚು ಆರ್ಡರ್. ಪಂದ್ಯವಿದ್ದರೆ ಆ ದಿನದ ದುಡಿಮೆ ಹೋಯಿತು ಎಂದೇ ಲೆಕ್ಕ.

ಕಳೆದ ವರ್ಷ ಒಂದು ಪಂದ್ಯದಲ್ಲಿ ಟ್ಯಾಕಲ್ ಮಾಡಲು ಹೋಗಿ ಭುಜ ಜಾರಿತು. ಮೂರು ವಾರ ಬೈಕ್ ಮುಟ್ಟಲಿಲ್ಲ. ಆ ತಿಂಗಳ ಬಾಡಿಗೆಗೆ ಅಮ್ಮ ಚೀಟಿ ದುಡ್ಡು ತೆಗೆದರು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಮಲಗಿದ್ದಲ್ಲೇ ಮೊಬೈಲಿನಲ್ಲಿ ಆಸ್ಟ್ರೇಲಿಯಾದ ಪಂದ್ಯಗಳನ್ನು ನೋಡತೊಡಗಿದೆ. ರಗ್ಬಿಯಲ್ಲಿ ಎರಡು ಬಗೆ ಇದೆ ಎಂದು ತಿಳಿದದ್ದು ಆಗಲೇ. ರಗ್ಬಿ ಯೂನಿಯನ್‌ನಲ್ಲಿ ತಂಡಕ್ಕೆ 15 ಮಂದಿ, ರಗ್ಬಿ ಲೀಗ್‌ನಲ್ಲಿ 13. ಲೀಗ್‌ನಲ್ಲಿ ಚೆಂಡು ಹಿಡಿದ ತಂಡವನ್ನು ಎದುರಾಳಿ ಆರು ಸಲ ಟ್ಯಾಕಲ್ ಮಾಡಿದರೆ ಚೆಂಡು ಬಿಟ್ಟುಕೊಡಬೇಕು. ನೋಡುತ್ತಿದ್ದರೆ ನಮ್ಮ ಕಬಡ್ಡಿಯೇ ನೆನಪಾಗುತ್ತದೆ. ಒಬ್ಬ ನುಗ್ಗುತ್ತಾನೆ, ಮೂವರು ಸೇರಿ ಕೆಡವುತ್ತಾರೆ.

ಈ ಎರಡು ಆಟ ಬೇರೆಯಾದದ್ದೇಕೆ ಎಂದು ಹುಡುಕಿದೆ. ಉತ್ತರ ಸಿಕ್ಕಿದ್ದು ಅಪ್ಪನ ಪ್ರಶ್ನೆಯಲ್ಲೇ!

ಉತ್ತರ ಇಂಗ್ಲೆಂಡಿನ ಆಟಗಾರರಲ್ಲಿ ಬಹುಪಾಲು ಮಂದಿ ಗಣಿ, ಗಿರಣಿ ಕಾರ್ಮಿಕರು. ಶನಿವಾರ ಪಂದ್ಯಕ್ಕೆ ಹೋದರೆ ಕೂಲಿ ಖೋತಾ. ಆ ನಷ್ಟವನ್ನಾದರೂ ತುಂಬಿಕೊಡಲು ಬಿಡಿ ಎಂದು ಅಲ್ಲಿನ ಕ್ಲಬ್‌ಗಳು ಕೇಳಿದವು. ಆಟಕ್ಕೆ ಹಣ ಮುಟ್ಟಬಾರದು ಎಂಬುದು ಆಡಳಿತ ನಡೆಸುತ್ತಿದ್ದ ಸ್ಥಿತಿವಂತರ ಹಟ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿದ ಉತ್ತರದ ಕ್ಲಬ್‌ಗಳು ಬೇರೆಯಾಗಲು ತೀರ್ಮಾನಿಸಿದವು. ಕೆಲಸ ತಪ್ಪಿದ ದಿನಕ್ಕೆ ಗರಿಷ್ಠ 6 ಶಿಲ್ಲಿಂಗ್ ಕೊಡಲು ಒಪ್ಪಿದವು. ಅದೇ ಮುಂದೆ ರಗ್ಬಿ ಲೀಗ್ ಆಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಭಾಗ. 1898ರಲ್ಲಿ ಆಟಕ್ಕೆ ಸಂಬಳ ಕೊಡಲು ಅನುಮತಿ ಸಿಕ್ಕಿತು. ಆದರೆ ಒಂದು ಷರತ್ತು: ಆಟಗಾರನಿಗೆ ಬೇರೊಂದು ಕಾಯಂ ಕೆಲಸ ಇರಲೇಬೇಕು! ಆ ಷರತ್ತು ಹೋದದ್ದು 1905ರಲ್ಲಿ. ಆಮೇಲೂ ಇಂಗ್ಲೆಂಡಿನ ಹೆಚ್ಚಿನ ಆಟಗಾರರು ವಾರವಿಡೀ ದುಡಿದು, ರಜೆಯ ದಿನ ಆಡಿದರು. 1996ರಲ್ಲಿ ಸೂಪರ್ ಲೀಗ್ ಶುರುವಾಗುವ ಹೊತ್ತಿಗಷ್ಟೇ ಅಲ್ಲಿನ ದೊಡ್ಡ ಕ್ಲಬ್‌ಗಳಲ್ಲಿ ಆಟವೇ ಪೂರ್ಣಾವಧಿ ಉದ್ಯೋಗವಾಯಿತು. ಅಂದರೆ ನೂರು ವರ್ಷ ಹಿಡಿಯಿತು.

ನಮ್ಮಲ್ಲೂ ಆಟಗಾರರ ಹೊಟ್ಟೆ ತುಂಬಿಸಿದ್ದು ಆಟವಲ್ಲ, ನೌಕರಿ. ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿ ಅವರನ್ನೇ ನೋಡಿ. 2010 ಮತ್ತು 2014ರ ಏಷ್ಯನ್ ಗೇಮ್ಸ್ ಕಬಡ್ಡಿ ಚಿನ್ನ, 2012ರ ವಿಶ್ವಕಪ್, 2014ರ ಅರ್ಜುನ ಪ್ರಶಸ್ತಿ. ಇಷ್ಟೆಲ್ಲ ಸಾಧನೆಯ ಹಿಂದೆ ಇದ್ದದ್ದು ರೈಲ್ವೆಯ ಸಂಬಳ. 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಪುರುಷರ ಕಬಡ್ಡಿಯಲ್ಲಿ ದುಡ್ಡು ಕಂಡಿತು. 2025ರ ಹರಾಜಿನಲ್ಲಿ ಮೂಲ ಬೆಲೆಯೇ 9 ಲಕ್ಷದಿಂದ 30 ಲಕ್ಷ ರೂಪಾಯಿ. ಇರಾನಿನ ಶಾದ್ಲೂಯಿ 2.23 ಕೋಟಿಗೆ ಹೋದರು. ಆದರೆ ಟೂರ್ನಿ ಕೆಲವು ತಿಂಗಳು ಮಾತ್ರ. ಮೊಣಕಾಲು ಕೈಕೊಟ್ಟರೆ ಮುಂದಿನ ಹರಾಜಿನಲ್ಲಿ ಹೆಸರು ಕೂಗಿದರೂ ಕೈ ಎತ್ತುವವರಿರುವುದಿಲ್ಲ.

ರಗ್ಬಿಗೂ ಅಂಥದೊಂದು ಬಾಗಿಲು ತೆರೆದಿದೆ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು. ಏಳು ಮಂದಿಯ ಸೆವೆನ್ಸ್ ಮಾದರಿ, ಆರು ತಂಡ. ಅದರಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಕೂಡ ಇತ್ತು. ಚೆನ್ನೈ ಬುಲ್ಸ್ ಕಪ್ ಗೆದ್ದಿತು. ಹೆಬ್ಬಾಳದ ಹೋಟೆಲೊಂದರ ಮುಂದೆ ಪಾರ್ಸಲ್‌ಗೆ ಕಾಯುತ್ತಾ ಬ್ರೇವ್‌ಹಾರ್ಟ್ಸ್ ಪಂದ್ಯ ನೋಡಿ ಒಬ್ಬನೇ ಕೂಗಿದ್ದೇನೆ. ಎಲ್ಲ ಎರಡು ವಾರದಲ್ಲಿ ಮುಗಿಯಿತು. ಉಳಿದ ಐವತ್ತು ವಾರ?

ಅದಕ್ಕೆ ನನಗೆ ಸಿಕ್ಕ ಉತ್ತರ ಹಳೆಯದೇ: ಕ್ರೀಡಾ ಕೋಟಾ. ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ಕ್ರೀಡಾ ಕೋಟಾಕ್ಕೆ ಅರ್ಹ ಆಟಗಳ ಪಟ್ಟಿಯನ್ನು 43ರಿಂದ 63ಕ್ಕೆ ಏರಿಸಿತು. ಹೊಸದಾಗಿ ಸೇರಿದ 20ರಲ್ಲಿ ರಗ್ಬಿಯೂ ಇದೆ. ಹಾಗಂತ ಎಲ್ಲ ಇಲಾಖೆಯೂ ರಗ್ಬಿ ಆಟಗಾರರನ್ನು ಕರೆಯುತ್ತದೆ ಎಂದಲ್ಲ. ಯಾವ ಆಟಕ್ಕೆ ಎಷ್ಟು ಹುದ್ದೆ ಎಂಬುದನ್ನು ಆಯಾ ಅಧಿಸೂಚನೆಯಲ್ಲೇ ನೋಡಬೇಕು. ಬರೀ ಕ್ಲಬ್ ಪಂದ್ಯ ಆಡಿದ್ದರೆ ಸಾಲದು. ರಾಜ್ಯ ತಂಡದಲ್ಲಿ ರಾಷ್ಟ್ರೀಯ ಕೂಟ ಅಥವಾ ವಿಶ್ವವಿದ್ಯಾಲಯದ ತಂಡದಲ್ಲಿ ಅಂತರ ವಿಶ್ವವಿದ್ಯಾಲಯ ಕೂಟ ಆಡಿರಬೇಕು, ನಿಗದಿತ ನಮೂನೆಯ ಪ್ರಮಾಣಪತ್ರ ಕೈಯಲ್ಲಿರಬೇಕು. ನನ್ನ ಜೊತೆ ಆಡಿದ ಎಷ್ಟೋ ಮಂದಿ ಪದಕ ಗೋಡೆಗೆ ನೇತುಹಾಕಿದ್ದಾರೆ, ಸರ್ಟಿಫಿಕೇಟ್ ಎಲ್ಲಿದೆ ಅಂದರೆ ಗೊತ್ತಿಲ್ಲ. ಹಾಗೆ ಮಾಡಬೇಡಿ.

ಒಂದು ರಾತ್ರಿ ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ನನ್ನ ಲೆಕ್ಕ ಬರೆದು ಅಪ್ಪನ ಮುಂದಿಟ್ಟೆ. ಈ ವರ್ಷ ವಿಶ್ವವಿದ್ಯಾಲಯ ತಂಡದ ಆಯ್ಕೆಗೆ ಹೋಗುವುದು. ಜೊತೆಗೇ ಬ್ಯಾಂಕ್, ರೈಲ್ವೆ ಪರೀಕ್ಷೆಗೆ ಓದುವುದು. 24 ತುಂಬುವವರೆಗೆ ಅವಕಾಶ. ಅಷ್ಟರಲ್ಲಿ ಆಗದಿದ್ದರೆ ರಗ್ಬಿ ಭಾನುವಾರದ ಆಟ ಮಾತ್ರ.

ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ ಅಪ್ಪ, ‘ಇದರಲ್ಲಿ ಭುಜದ ಖರ್ಚು ಎಲ್ಲೋ ಬರೆದಿದೀಯ?’ ಎಂದರು.

ಬರೆದಿರಲಿಲ್ಲ. ಅಪ್ಪ ಹೇಳಿದ್ದು ಸರಿಯಾಗಿತ್ತು. ಮರುದಿನವೇ ಅಪಘಾತ ವಿಮೆಗಳನ್ನು ವಿಚಾರಿಸಿದೆ. ಆಟದಲ್ಲಾಗುವ ಪೆಟ್ಟಿಗೆ ಹಣ ಬರುತ್ತದೆಯೇ ಎಂದು ಷರತ್ತುಗಳನ್ನು ಕೂತು ಓದಿದ್ದು ಅದೇ ಮೊದಲು. ಈಗ ತಿಂಗಳಿಗೆ ಒಂದು ಭಾನುವಾರದ ದುಡಿಮೆ ಅದಕ್ಕೇ ಎತ್ತಿಡುತ್ತಿದ್ದೇನೆ.

ಬರುವ ಭಾನುವಾರ ಆಯ್ಕೆ ಟ್ರಯಲ್ಸ್ ಇದೆ. ಡೆಲಿವರಿಗೆ ರಜೆ. ಆ ದಿನದ ಕೂಲಿ ನನ್ನ ಕೈಯಿಂದಲೇ.