ಹಳೇ ಬೈಕು, ಇಳಿದ ಮೈಲೇಜು

ಪ್ರಶ್ನೆ: ಮಾಕಳಿಯಿಂದ ಯಶವಂತಪುರಕ್ಕೆ ದಿನಾ ಓಡಾಡುವ ನನ್ನ ಹಳೇ ಸ್ಪ್ಲೆಂಡರ್ ಈಗೀಗ ಮೈಲೇಜ್ ಕೊಡುತ್ತಿಲ್ಲ. ಏನು ಮಾಡಲಿ?

ಉತ್ತರ: ಕಾರ್ಬ್ಯುರೇಟರ್ ಬಿಚ್ಚಿಸುವ ಮುಂಚೆ ಗಾಡಿಗೆ ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಸಲೀಸಾಗಿ ಸುತ್ತದೆ ಕರಕರ ಎಂದು ನಿಂತುಬಿಟ್ಟರೆ ಬ್ರೇಕ್ ಶೂ ಉಜ್ಜುತ್ತಿದೆ, ಇಲ್ಲವೇ ಚೈನ್ ವಿಪರೀತ ಬಿಗಿಯಾಗಿದೆ. ಪೆಟ್ರೋಲು ಅಲ್ಲೇ ಕರಗುತ್ತಿರುತ್ತದೆ. ಟೈರಿನ ಗಾಳಿಯನ್ನೂ ವಾರಕ್ಕೊಮ್ಮೆ ನೋಡಿಸಿ.

ತುಮಕೂರು ರಸ್ತೆಯ ಲಾರಿ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಆಗ ಗಾಳಿ ಕಡಿಮೆಯಾಗಿ, ಪೆಟ್ರೋಲು ಪೂರ್ತಿ ಉರಿಯುವುದಿಲ್ಲ. ಪ್ಲಗ್ ಬಿಚ್ಚಿ ನೋಡಿ: ತುದಿ ತೆಳು ಕಂದು ಬಣ್ಣವಿದ್ದರೆ ಸರಿ, ಒಣ ಮಸಿ ಹಿಡಿದಿದ್ದರೆ ಫಿಲ್ಟರ್, ಚೋಕ್, ಆಮೇಲೆ ಟ್ಯೂನಿಂಗ್ ನೋಡಿಸಿ.

ತಪ್ಪೆಲ್ಲ ಗಾಡಿಯದ್ದೇ ಅಲ್ಲ. ಈಗ ಬಂಕಿನಲ್ಲಿ ಸಿಗುವುದು ಶೇ. 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲು. ಲೀಟರಿಗೆ ಲೀಟರ್ ಲೆಕ್ಕದಲ್ಲಿ ಎಥೆನಾಲಿನ ಶಕ್ತಿ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಸ್ವಲ್ಪ ಇಳಿಕೆ ಯಾವ ಮೆಕ್ಯಾನಿಕ್ಕಿಗೂ ಬಗ್ಗದು. ಹಳೇ ಗಾಡಿಯ ಪೆಟ್ರೋಲ್ ಪೈಪು, ರಬ್ಬರ್ ವಾಷರ್‌ಗಳು ಮೆತ್ತಗಾಗಿ ಜಿನುಗುತ್ತಿವೆಯೇ ಎಂದೂ ನೋಡಿಸಿ. ಮೈಲೇಜ್ ಹೆಚ್ಚಿಸುವ ಮಾತ್ರೆ, ಅಯಸ್ಕಾಂತಗಳಿಗೆ ದುಡ್ಡು ಸುರಿಯಬೇಡಿ.